ಎರಡೇ ದಿನ ಅಂದ ತಮ್ಮ

ಅಕ್ಕ-ತಮ್ಮ ಸೇರಿ ನಡೆಸುತ್ತಿದ್ದ ಆಫೀಸು ಅಂದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ. ಪರಿಚಯದವರ ಉಳಿತಾಯವನ್ನು ಷೇರಿಗೆ ಹಾಕಿ ಬೆಳೆಸುವುದು ಅವರ ಕಸುಬು. ಯಾವ ಷೇರು ಅನ್ನುವುದು ತಮ್ಮನಿಗೆ ಬಿಟ್ಟಿದ್ದು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಕ್ಕನಿಗೆ.

ಇಂಟರ್‌ನೆಟ್ಟಿನಲ್ಲಿ ಔಷಧಿ ಮಾರುವ ಒಂದು ಕಂಪನಿಯ ಷೇರು ಆ ವರ್ಷ ಏರಿದ್ದೇ ಏರಿದ್ದು. ತಮ್ಮ ಅದರ ಗೋದಾಮಿನ ಎದುರಿನ ಪಂಕ್ಚರ್ ಅಂಗಡಿಯಲ್ಲಿ ಆರು ದಿನ ಕೂತು ಬಂದ.

"ದಿನಕ್ಕೆ ನಾನೂರು ವ್ಯಾನು ಹೋಗತ್ತೆ ಅಂತ ಕೊಚ್ಚಿಕೊಳ್ತಾರೆ. ನಾನು ಎಣಿಸಿದ್ದು ಮೂವತ್ತೊಂದು. ಬರೀ ಬೊಗಳೆ, ಅಕ್ಕ."

ಬೊಗಳೆಯ ವಿರುದ್ಧ ಹಣ ಕಟ್ಟಲಿಕ್ಕೂ ದಾರಿ ಇದೆ: ಷೇರನ್ನು ಎರವಲು ತಂದು ಇವತ್ತಿನ ಬೆಲೆಗೆ ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂದಿರುಗಿಸುವುದು. ಬಿದ್ದರೆ ಲಾಭ. ಏರಿದರೆ ನಷ್ಟ, ಆ ಏರಿಕೆಗೆ ಮೇಲೆ ಸೂರಿಲ್ಲ. ಅದಕ್ಕೇ ಅಕ್ಕ ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿದಳು: ಇದರ ಮೇಲೆ ಉಳಿತಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ, ನೂರಕ್ಕೆ ಮಾರಿದ್ದು ನೂರಿಪ್ಪತ್ತೈದು ಮುಟ್ಟಿದರೆ ಕೊಂಡು ಕೈತೊಳೆದುಕೊಳ್ಳುವುದು, ಯಾರ ಮಾತೂ ಕೇಳದೆ.

ಷೇರು ಮಾರಿದ ಹನ್ನೊಂದನೇ ದಿನ ಬೆಲೆ ನೂರಿಪ್ಪತ್ತೈದು ಮುಟ್ಟಿತು. ಅಕ್ಕ ದಲ್ಲಾಳಿಗೆ ಹೇಳಲು ಫೋನ್ ಎತ್ತಿದಳು. ತಮ್ಮ ಬಂದು ಅವಳ ಮಣಿಕಟ್ಟು ಹಿಡಿದ.

"ಎರಡೇ ದಿನ ತಡಿ. ಕಂಪನಿ ಲೆಕ್ಕಪತ್ರ ಹೊರಗೆ ಬರತ್ತೆ. ಬಂಡವಾಳ ಬಯಲಾಗತ್ತೆ."

"ಹಾಳೆ ಮೇಲೆ ನಿನ್ನ ಸಹಿ ಇದೆ."

"ನಾನು ಹೇಳಿದ್ದು ಸುಳ್ಳಾ? ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ಸುಳ್ಳಾಗಿರಲಿಲ್ಲ. ಅಮ್ಮ ಹೋದಾಗ ಒಂಬತ್ತು ವರ್ಷದವನಾಗಿದ್ದ ಅವನನ್ನು ಬೆಳೆಸಿದವಳು ಅವಳೇ. ಅವನ ಮುಖ ನೋಡಿಕೊಂಡು ಬೇಡ ಅನ್ನುವುದು ಅವಳಿಗೆ ಎಂದೂ ಒಗ್ಗಿರಲಿಲ್ಲ. ಫೋನ್ ಕೆಳಗಿಟ್ಟಳು.

ಲೆಕ್ಕಪತ್ರ ಬರಲಿಲ್ಲ, ಒಂದು ತಿಂಗಳು ಮುಂದಕ್ಕೆ ಹೋಯಿತು. ಯಾರೋ ದೊಡ್ಡವರು ಕಂಪನಿಯನ್ನೇ ಕೊಳ್ಳುತ್ತಾರಂತೆ ಅನ್ನುವ ಗಾಳಿಸುದ್ದಿ ಮಾತ್ರ ಬಂತು. ಬೆಲೆ ನೂರೈವತ್ತಾಯಿತು, ನೂರ ತೊಂಬತ್ತಾಯಿತು. ಪ್ರತಿ ಸಲವೂ ತಮ್ಮ ಇನ್ನೆರಡೇ ದಿನ ಅಂದ, ಅಕ್ಕ ತಡೆದಳು. ಇವರ ಹಾಗೆ ಎರವಲು ತಂದು ಮಾರಿದವರೆಲ್ಲ ಹೆದರಿ ಕೊಳ್ಳಲು ಮುಗಿಬಿದ್ದರು. ಆ ನೂಕುನುಗ್ಗಲಿಗೇ ಬೆಲೆ ಇನ್ನಷ್ಟು ಏರಿತು. ಇನ್ನೂರ ಅರವತ್ತಕ್ಕೆ, ಇವರು ಇಟ್ಟಿದ್ದ ಠೇವಣಿ ನಷ್ಟಕ್ಕೆ ಸಾಲದು ಅಂತ, ದಲ್ಲಾಳಿ ಇವರನ್ನು ಒಂದು ಮಾತೂ ಕೇಳದೆ ತಾನೇ ಷೇರು ಕೊಂಡು ವ್ಯವಹಾರ ಮುಗಿಸಿದ. ನಂಬಿ ಕೊಟ್ಟವರ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರುಪಾಲಾಯಿತು.

ಏಳು ವಾರದ ಮೇಲೆ ಬೊಗಳೆ ಬಯಲಾಗಿ ಕಂಪನಿ ಬಾಗಿಲು ಹಾಕಿತು. ಷೇರು ನಾಲ್ಕಕ್ಕೆ ಬಿತ್ತು. ಎಲ್ಲರಿಗಿಂತ ಮೊದಲು ಮೋಸ ಕಂಡವನು ಅಂತ ಪತ್ರಿಕೆಯಲ್ಲಿ ತಮ್ಮನ ಫೋಟೊ ಬಂತು. ದೊಡ್ಡ ಸಂಸ್ಥೆಯೊಂದು ಕರೆದು ಕೆಲಸ ಕೊಟ್ಟಿತು. ಮೇಜು ಖಾಲಿ ಮಾಡುತ್ತ, ತಲೆಯೆತ್ತದೆ ಅವನೆಂದ: "ಅವತ್ತು ನೀನು ಬೇಡ ಅನ್ನಬೇಕಿತ್ತು, ಅಕ್ಕ. ನಿನಗೆ ಇದ್ದ ಕೆಲಸ ಅದೊಂದೇ ಅಲ್ವಾ."

ಅವಳು ಅವನ ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸಿಕೊಟ್ಟಳು.

ಮರುದಿನ ನಿವೃತ್ತ ನರ್ಸ್ ಒಬ್ಬರು ಬಂದರು. ಇವರಲ್ಲಿ ಹಣ ಇಟ್ಟಿದ್ದವರು. ಕೈಯಲ್ಲಿ ಆ ಪತ್ರಿಕೆ ಇತ್ತು.

"ನಿಮ್ಮ ತಮ್ಮ ಹೇಳಿದ್ದೇ ನಿಜ ಆಯ್ತಂತೆ?"

"ಹೌದಮ್ಮ, ಆಯ್ತು."

"ಅಂದ್ಮೇಲೆ ನನ್ನ ದುಡ್ಡು ವಾಪಸ್ ಬಂದಿರಬೇಕಲ್ಲ."

ಅಕ್ಕ ಕುರ್ಚಿ ಎಳೆದು ಅವರನ್ನು ಕೂರಿಸಿ, ತಪ್ಪು ತನ್ನದೇ ಅಂತ ಮೊದಲಿಂದ ಹೇಳತೊಡಗಿದಳು. ಅರ್ಧಕ್ಕೇ ಅವರು ಎದ್ದರು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದವರಿಗೆ ಅವಳು ಕೈ ನೀಡಿದಳು. ಅವರು ಹಿಡಿಯಲಿಲ್ಲ.