ಉಸಿರಿದ್ದಾಗಲೇ ಕಟ್ಟುವ ಹಗ್ಗ

ನಮ್ಮ ಕಿರಂಗೂರಿನ ಕಡೆ ತೆಂಗಿನಮರವಿಲ್ಲದ ಹಿತ್ತಲು ಕಡಿಮೆ. ಮರ ಹತ್ತುವವರೂ ಈಗ ಕಡಿಮೆಯಾಗಿದ್ದಾರೆ. ಹತ್ತುತ್ತಿದ್ದವರಲ್ಲಿ ಕೆಲವರು ಬಿದ್ದು, ಸೊಂಟ ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾರೆ. ಕೆಲವರು ಇಲ್ಲವೇ ಇಲ್ಲ. ಒಬ್ಬ ಬಿದ್ದ ಸುದ್ದಿ ಬಂದರೆ ‘ಪಾಪ, ಅವನ ಟೈಮು ಸರಿಯಿರಲಿಲ್ಲ’ ಅನ್ನುತ್ತೇವೆ. ಆಮೇಲೆ ಇನ್ನೊಬ್ಬನನ್ನು ಕರೆಸಿ ಅದೇ ಮರಕ್ಕೆ ಹತ್ತಿಸುತ್ತೇವೆ.

ನಮ್ಮ ಪಕ್ಕದ ಮನೆಯ ದೇವಯ್ಯನದು ಮರ ಹತ್ತುವ ಕೆಲಸ. ಅವನ ಅಪ್ಪ ಕರಿಯಯ್ಯನದೂ ಅದೇ ಕೆಲಸ. ಕರಿಯಯ್ಯ ನನ್ನ ವಾರಿಗೆಯವನು. ಪಾಲಹಳ್ಳಿಯ ಒಂದು ತೋಟದಲ್ಲಿ, ಮಳೆ ನಿಂತ ಮಾರನೆಯ ದಿನ, ಹಸಿ ಮರದಿಂದ ಜಾರಿ ಬಿದ್ದು ತೀರಿಕೊಂಡ. ಆಗ ದೇವಯ್ಯ ಇನ್ನೂ ಅಂಬೆಗಾಲಿಡುತ್ತಿದ್ದ. ಅವನ ತಾಯಿ ಸಿದ್ದಲಿಂಗಮ್ಮ ಕೂಲಿ ಮಾಡಿ ಅವನನ್ನು ಸಾಕಿದಳು.

ಹೋದ ವರ್ಷ ಶ್ರೀರಂಗಪಟ್ಟಣದ ಕಾಯಿ ವ್ಯಾಪಾರಿ ಮುಖ್ತಾರ್ ಅಹಮದ್ ದೇವಯ್ಯನಿಗೆ ಒಂದು ಬೆಲ್ಟು ತಂದುಕೊಟ್ಟರು. ಸೊಂಟಕ್ಕೆ, ತೊಡೆಗೆ, ಭುಜಕ್ಕೆ ಪಟ್ಟಿಗಳು. ಜೊತೆಗೆ ಮರವನ್ನು ಸುತ್ತಿ ಸಿಕ್ಕಿಸಿಕೊಳ್ಳಲು ಒಂದು ಗಟ್ಟಿ ಹಗ್ಗ.

“ಇದ್ನ ಹಾಕ್ಕೊ ಭಾಯ್,” ಅಂದರು ಸಾಹೇಬರು. “ನಾಗಮಂಗಲದ ಕಡೆ ನಮ್ ಹುಡುಗ ಒಬ್ಬ ಬಿದ್ಬುಟ್ಟ. ಅವನ ತಾಯಿ ಮುಖ ನೋಡಾಕೆ ನನ್ ಕೈಲಿ ಆಗ್ಲಿಲ್ಲ, ಅಲ್ಲಾನ ಆಣೆ.”

ದೇವಯ್ಯ ನಕ್ಕ. “ನನ್ನೇನು ಎತ್ತು ಅನ್ಕಂಡ್ರಾ ಸಾಬ್ರೆ, ಹಗ್ಗ ಹಾಕಾಕೆ? ಮರಕ್ಕೆ ನಾನ್ ಗೊತ್ತು, ನಂಗೆ ಮರ ಗೊತ್ತು.”

ಸಿದ್ದಲಿಂಗಮ್ಮ ನಗಲಿಲ್ಲ. “ಅದ್ನ ಒಳಿಕ್ಕೆ ತರಬ್ಯಾಡಿ ಸಾಬ್ರೆ. ನಮ್ಮಲ್ಲಿ ಮನುಸನ್ನ ಹಗ್ಗದಲ್ಲಿ ಕಟ್ಟೋದು ಒಂದೇ ಸಲ. ಚಟ್ಟದ ಮ್ಯಾಲೆ. ಉಸುರಿರೋನ್ನ ಕಟ್ಟಿ ಕಳುಸ್ತೀರಾ?”

ನಮ್ಮ ಊರಿನಲ್ಲಿ ಅದು ಹಿಂದಿನಿಂದ ಬಂದ ನಂಬಿಕೆ. ಮರ ಹತ್ತುವವರು ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕಾಲಿಗೆ ಹಗ್ಗದ ಬಳೆ ಹಾಕಿಕೊಳ್ಳುತ್ತಾರೆ. ಮೈಗೆ ಮಾತ್ರ ಕಟ್ಟಿಕೊಳ್ಳುವುದಿಲ್ಲ. ಬೆಲ್ಟು ಕೊಟ್ಟಿಗೆಯ ಗೂಟಕ್ಕೆ ಹೋಯಿತು.

ದೇವಯ್ಯನ ಮಗಳು ಧನುಶ್ರೀ ಪಾಂಡವಪುರದ ಕಾಲೇಜಿನಲ್ಲಿ ಓದುತ್ತಾಳೆ, ಎನ್‌ಸಿಸಿಯಲ್ಲಿದ್ದಾಳೆ. ಈ ವರ್ಷ ವಿಮಾನದಿಂದ ಪ್ಯಾರಾಚೂಟಿನಲ್ಲಿ ಹಾರುವುದನ್ನು ಕಲಿಯಲು ಅವಳನ್ನು ಆರಿಸಿ ಆಗ್ರಾಕ್ಕೆ ಕಳಿಸಿದರು. ಊರಲ್ಲಿ ಅದೇ ಮಾತು.

“ಬೀಳಾಕೂ ಟ್ರೇನಿಂಗಂತೆ ಕಣವ್ವ! ಬೀಳಾದ್ನ ಯಾರಾದ್ರೂ ಕಲೀತಾರಾ?” ಎಂದು ನಲ್ಲಿಯ ಹತ್ತಿರ ಹೆಂಗಸರು ನಕ್ಕರು.

“ನಮ್ಮನೇಲಿ ಹತ್ತಾಕೆ ನಾನು, ಬೀಳಾಕೆ ಮಗಳು,” ಎಂದು ದೇವಯ್ಯನೂ ತಮಾಷೆ ಮಾಡಿದ. ಮಗಳು ಬಸ್ಸು ಹತ್ತಿದ ದಿನ ಮಾತ್ರ ಅದು ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದ. ಸಿದ್ದಲಿಂಗಮ್ಮ ಮೊಮ್ಮಗಳು ಕೊಡೆ ಹಿಡಿದುಕೊಂಡು ಇಳಿಯುತ್ತಾಳೆ ಎಂದಷ್ಟೇ ತಿಳಿದಿದ್ದಳು. ನಾವೂ ಹೆಚ್ಚು ಹೇಳಲು ಹೋಗಲಿಲ್ಲ.

ಹುಡುಗಿ ಕ್ಷೇಮವಾಗಿ ವಾಪಸು ಬಂದಳು. ಕಪ್ಪಗಾಗಿದ್ದಳು, ಮೊಣಕೈಯೆಲ್ಲ ತರಚಿತ್ತು. ಸಂಜೆ ಜಗಲಿಯ ಮೇಲೆ ಎಲ್ಲರೂ ಕೂತೆವು.

“ಹೋದೇಟ್ಗೆ ವಿಮಾನ ಹತ್ಸಿ ತಳ್ಬುಟ್ರಾ?” ಎಂದು ಕೇಳಿದ ದೇವಯ್ಯ.

“ಎಲ್ಲಿ ಬಂತಪ್ಪ! ಮೊದಮೊದ್ಲು ವಿಮಾನದ ಮುಖಾನೇ ತೋರುಸ್ನಿಲ್ಲ. ದಿನಾ ನೆಲದ ಮ್ಯಾಲೇ ಪಾಠ. ಕಟ್ಟೆಯಿಂದ ದುಮುಕು, ಕಾಲು ಜೋಡ್ಸು, ಮಂಡಿ ಜೋಡ್ಸು, ಬಿದ್ದು ಉರುಳು. ಎದ್ದು ಮತ್ತೆ ದುಮುಕು. ನಾನು ಕೈ ಊರ್ಬುಡ್ತಿದ್ದೆ. ಊರುದ್ರೆ ಮಣಿಕಟ್ಟು ಮುರೀತದೆ ಅಂತ ನಮ್ಗೆ ಕಲ್ಸೋ ಸುಬೇದಾರ್ರು ಬೈದು ಮತ್ತೆ ಮಾಡುಸ್ತಿದ್ರು. ರಾತ್ರಿ ಮಗ್ಗುಲು ಬದಲಾಯ್ಸಾಕೂ ಆಗ್ತಿರ್ನಿಲ್ಲ.”

“ಆಮ್ಯಾಕೆ?” ಅಂದೆ ನಾನು.

“ಆಮೇಲೆ ಎತ್ತರದ ಗೋಪುರ, ತಾತ. ಬೆನ್ನಿಗೆ ಹಗ್ಗ ಸಿಕ್ಸಿ ಬಾಗ್ಲಲ್ಲಿ ನಿಲ್ಸಿದ್ರು. ಹಾರು ಅಂದ್ರು. ನನ್ ಕೈ ಚೌಕಟ್ಟು ಹಿಡ್ಕಂಡಿದ್ದು ಬುಡ್ಲೇ ಇಲ್ಲ. ಹಿಂದೆ ಇರೋರೆಲ್ಲ ಕಾಯ್ತಾವ್ರೆ. ನಾಚ್ಕೆಗೆ ಅಳು ಬಂದ್ಬುಡ್ತು.”

“ಬೈದ್ರಾ?”

“ಇಲ್ಲ. ಕೆಳಗಿಳ್ಸಿ, ಮೈಗೆ ಕಟ್ಟಿದ್ದ ಅದೇ ಪಟ್ಟಿಲಿ ನೆಲ್ದಿಂದ ಮಂಡಿ ಎತ್ತರಕ್ಕೆ ನನ್ನ ನೇತಾಕಿದ್ರು. ಸುಮ್ನೆ ತೂಗಾಡು ಅಂದ್ರು. ‘ಮೊದ್ಲು ಹಗ್ಗ ನಿನ್ನ ಹಿಡಿಯೋದು ನಿನ್ ಮೈಗೆ ಗೊತ್ತಾಗ್ಬೇಕು, ಎತ್ತರ ಆಮೇಲೆ’ ಅಂದ್ರು. ಮಾರ್ನೆ ದಿನ ಹಾರ್ದೆ.”

ವಿಮಾನ ಹತ್ತುವ ದಿನದ ಮಾತು ಬಂದಾಗ ಅವಳ ದನಿ ತಗ್ಗಿತು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಪಟ್ಟಿ, ಕೊಕ್ಕೆ, ಬೆನ್ನ ಮೇಲಿನ ಗಂಟು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರಂತೆ. ಎಲ್ಲರದೂ ಮುಗಿದ ಮೇಲೆ ಆ ಸುಬೇದಾರರು ತಮಗಿಂತ ಚಿಕ್ಕವನೊಬ್ಬನ ಮುಂದೆ ಹೋಗಿ ನಿಂತರಂತೆ.

“ತಲೆ ನರೆತೋರು ಅಪ್ಪ. ಎಷ್ಟು ಸಲ ಹಾರವ್ರೋ ಅವ್ರಿಗೇ ಲೆಕ್ಕ ಇಲ್ಲ. ಮಗೀಗೆ ಅಂಗಿ ತೊಡುಸ್ವಾಗ ಮಗ ನಿಂತ್ಕತದಲ್ಲ, ಅಂಗೆ ಕೈ ಎತ್ಕಂಡು ನಿಂತ್ರು. ಅವನು ಎಲ್ಲಾ ಎಳೆದು ನೋಡ್ದ. ನಾನು ಬಾಯಿ ಬುಟ್ಕಂಡು ನೋಡ್ತಿದ್ದೆ. ‘ಯಾಕೆ ನೋಡ್ತೀಯಾ ಮಗಳೆ, ನನ್ ಬೆನ್ನು ನಂಗೆ ಕಾಣಲ್ಲ’ ಅಂದ್ರು.”

ದೇವಯ್ಯ ಬೀಡಿ ಹಚ್ಚಲು ಹೋದವನು ಹಚ್ಚದೆ ಹಾಗೇ ಕೈಯಲ್ಲಿಟ್ಟುಕೊಂಡ.

“ವಿಮಾನದ ಬಾಗ್ಲಲ್ಲಿ ಗಾಳಿ ಕಪಾಳಕ್ಕೆ ಹೊಡ್ದಂಗೆ ಬತ್ತದೆ. ಹೋಗು ಅಂತ ಬೆನ್ ತಟ್ಟುದ್ರು. ಹೆಜ್ಜೆ ಇಟ್ಟೆ. ಕಾಲ ಕೆಳ್ಗೆ ಏನೂ ಇರ್ನಿಲ್ಲ. ಅಷ್ಟ್ರಲ್ಲಿ ಯಾರೋ ಎರಡೂ ರಟ್ಟೆ ಹಿಡ್ದು ಮ್ಯಾಲಕ್ಕೆ ಎತ್ಕಂಡಂಗಾಯ್ತು. ನೋಡುದ್ರೆ ತಲೆ ಮ್ಯಾಲೆ ಛತ್ರಿ ಬಿಚ್ಕಂಡೈತೆ. ಸದ್ದೇ ಇಲ್ಲ. ಆಮೇಲೆ ನೆಲಾನೇ ಎದ್ದು ಬಂದಂಗಾಯ್ತು. ಕಾಲು ಜೋಡುಸ್ದೆ, ಬಿದ್ದೆ, ಉರುಳ್ದೆ. ಮಣ್ಣು ಬಾಯಿಗೆ ಹೋಗಿತ್ತು. ಉಗಿಯಾಕೂ ಮನ್ಸು ಬರ್ನಿಲ್ಲ ಅಜ್ಜಿ.”

ಸಿದ್ದಲಿಂಗಮ್ಮ ಮೊಮ್ಮಗಳ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಕೇಳಿದಳು. “ನಿನ್ನ ಕಟ್ಟಿದ್ರಾ?”

ಹುಡುಗಿ ಅಪ್ಪನ ಮುಖ ನೋಡಿದಳು. “ಹೂಂ ಅಜ್ಜಿ. ಎದೆ, ತೊಡೆ, ಭುಜ, ಎಲ್ಲಾ ಬಿಗ್ದು ಕಟ್ಟಿದ್ರು. ಕಟ್ಟಿದ್ಕೇ ಇಲ್ಲಿ ಕೂತಿವ್ನಿ.”

ಮುದುಕಿ ಮೊಮ್ಮಗಳ ಭುಜದ ಮೇಲೆ ಕೈಯಾಡಿಸಿದಳು. ಪಟ್ಟಿ ಒತ್ತಿದ ಕಡೆ ಕಂದು ಗುರುತಿತ್ತು. ಕೈ ಅಲ್ಲೇ ನಿಂತಿತು.

“ನಂಜಣ್ಣ, ಇವ್ಳ ತಾತನ್ನ ಚಟ್ಟಕ್ಕೆ ಕಟ್ಟಿದ್ದು ನೀನೇ ಅಲ್ವ?” ಎಂದು ನನ್ನ ಕಡೆ ತಿರುಗಿದಳು.

“ಹೂಂ ಕಣವ್ವ. ತಲೆ ಕಡೆ ನಾನಿದ್ದೆ.”

“ಗಟ್ಟಿಯಾಗಿ ಕಟ್ಟಿ, ದಾರೀಲಿ ಜಾರ್ಬಾರ್ದು ಅಂತ ಅಂದಿದ್ದೆ ನಾನು. ಸತ್ತೋನು ಜಾರ್ಬಾರ್ದು ಅಂತ ಅಷ್ಟು ಯೋಚ್ನೆ ಮಾಡ್ದೆ. ಬದ್ಕಿದ್ದಾಗ ಯಾರಾದ್ರೂ ಯೋಚ್ನೆ ಮಾಡುದ್ವಾ?”

ಅವಳು ಎದ್ದು ಒಳಗೆ ಹೋದಳು.

ಬೆಳಿಗ್ಗೆ ಕಾಯಿ ಕೀಳಿಸಲು ಮುಖ್ತಾರ್ ಸಾಹೇಬರ ಗಾಡಿ ಬಂತು. ದೇವಯ್ಯ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಸಿದ್ದಲಿಂಗಮ್ಮ ಬೆಲ್ಟಿನ ದೂಳು ಕೊಡವಿ ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅವ್ವ, ಜನ ನಗ್ತಾರೆ. ದೇವಯ್ಯಂಗೆ ಕೈ ಸೋತೋಯ್ತು ಅಂತಾರೆ.”

“ನಗ್ಲಿ ಬುಡ್ಲಾ. ನಗೋರ ಮುಂದೆ ನೀನು ಓಡಾಡ್ಕಂಡಿದ್ರೆ ಸಾಕು.”

ಧನುಶ್ರೀ ಅಪ್ಪನಿಗೆ ಪಟ್ಟಿಗಳನ್ನು ಹಾಕಿದಳು. ತೊಡೆಯ ಪಟ್ಟಿ ತಿರುಚಿಕೊಂಡಿತ್ತು, ಬಿಚ್ಚಿ ಸರಿಮಾಡಿದಳು. ಆಮೇಲೆ ಪಕ್ಕದ ನಮ್ಮ ಹಿತ್ತಲಿಗೆ ಕರೆತಂದು, ಅಲ್ಲಿನ ಮರಕ್ಕೆ ಹಗ್ಗವನ್ನು ಎರಡು ಸುತ್ತು ಬಳಸಿ, ಕೊಕ್ಕೆ ಕೂತಿದೆಯೇ ಎಂದು ಎಳೆದು ನೋಡಿದಳು. “ಅಪ್ಪ, ನಮ್ಮ ಮಂಡಿ ಎತ್ತರ ಹತ್ತು, ಸಾಕು. ಈಗ ಎರಡೂ ಕೈ ಬುಡು.”

ದೇವಯ್ಯ ಹತ್ತಿದ. ಕೈ ಬಿಡಲಿಲ್ಲ.

“ಬುಡಪ್ಪ.”

“ಬುಡ್ತೀನಿ ಇರು.”

ನೆಲ ಎಷ್ಟು ಹತ್ತಿರವಿತ್ತೆಂದರೆ ಬಿದ್ದರೂ ಏನೂ ಆಗುತ್ತಿರಲಿಲ್ಲ. ಆದರೂ ಅವನ ಬೆರಳುಗಳು ಮರವನ್ನು ಕಚ್ಚಿ ಹಿಡಿದಿದ್ದವು. ಚಿಕ್ಕಂದಿನಿಂದ ಹತ್ತಿದವನು, ಮರದ ಮೇಲೆ ಎರಡೂ ಕೈ ಬಿಟ್ಟವನೇ ಅಲ್ಲ.

“ಆಗಾಕಿಲ್ಲ ಕಣ್ ಮಗ. ಕೈ ಕೇಳ್ತಾ ಇಲ್ಲ,” ಎಂದ. ಅಂಥ ದನಿಯನ್ನು ನಾನು ಅವನಿಂದ ಕೇಳಿರಲಿಲ್ಲ.

ಮುಖ್ತಾರ್ ಸಾಹೇಬರು ಟೋಪಿ ಸರಿಮಾಡಿಕೊಂಡರು. “ಅರೆ, ನಾನು ಕೆಳಗೆ ಮಲ್ಕೊಳ್ಳಲಾ ಭಾಯ್? ಮೆತ್ತಗಿದೀನಿ.”

ದೇವಯ್ಯನಿಗೆ ನಗು ಬಂತು. ನಕ್ಕು ಉಸಿರು ಬಿಟ್ಟ. ಸಿದ್ದಲಿಂಗಮ್ಮ ಹತ್ತಿರ ಹೋಗಿ ಅವನ ಹಿಮ್ಮಡಿ ಮುಟ್ಟಿದಳು. “ಬುಡ್ಲಾ ಮಗ. ಅದು ಹಿಡ್ಕತದೆ.”

ಅವನು ಒಂದು ಕೈ ತೆಗೆದ. ಆಮೇಲೆ ಇನ್ನೊಂದು. ಹಗ್ಗ ಕಿರ್ರೆಂದು ಬಿಗಿಯಿತು. ಅವನು ಹಿಂದಕ್ಕೆ ವಾಲಿ ಅಲ್ಲೇ ನಿಂತ. ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ.

“ಹಿಡ್ಕಂಡದೆ ಕಣವ್ವ,” ಅಂದ.

ಸಿದ್ದಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ದೇವಯ್ಯ ಮರದ ತುದಿಯ ಸುಳಿಯವರೆಗೂ ಹತ್ತಿದ. ಆ ಮುದುಕಿ ಮಗ ಮರದ ಮೇಲಿರುವಾಗ ತಲೆಯೆತ್ತಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಕ್ಕಂದಿರೆ, ಅಣ್ಣಂದಿರೆ, ಮರ ಹತ್ತುವವರು ನಿಮ್ಮ ಮನೆಯಲ್ಲೂ ಇರಬಹುದು. ಕಾಲು ನೆಲ ಬಿಡುವ ಮೊದಲೇ ಬೆಲ್ಟು ಕಟ್ಟಲಿ. ಅವರ ಬೆನ್ನು ಅವರಿಗೆ ಕಾಣುವುದಿಲ್ಲ, ನೀವು ಹೋಗಿ ಪಟ್ಟಿ, ಕೊಕ್ಕೆ, ಹಗ್ಗ ಮುಟ್ಟಿ ನೋಡಿ. ಸವೆದ ಹಗ್ಗವಾದರೆ ಬಿಸಾಕಿ. ಹೊಸದಾಗಿ ಕಟ್ಟಿಕೊಳ್ಳುವವರು ಮೊದಲು ನೆಲದ ಹತ್ತಿರವೇ ಕೈ ಬಿಟ್ಟು ಅಭ್ಯಾಸ ಮಾಡಲಿ. ನಾಚಿಕೆ ಬೇಡ. ಮಳೆಯಲ್ಲಿ ನೆಂದ ಮರಕ್ಕೆ ಯಾರನ್ನೂ ಹತ್ತಿಸಬೇಡಿ.

ನಿಮ್ಮ ಮರಕ್ಕೆ ಬಂದವನು ಕಟ್ಟಿಕೊಳ್ಳಲು ಒಪ್ಪದಿದ್ದರೆ ಈ ದಿನ ಕಾಯಿ ಬೇಡವೆನ್ನಿ, ಮಜ್ಜಿಗೆ ಕೊಟ್ಟು ಕಳಿಸಿ. ಬಲಿತ ಕಾಯಿ ಒಂದು ದಿನ ತಾನಾಗಿಯೇ ಉದುರುತ್ತದೆ. ಅವನಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.