ಈಶಾನ್ಯಕ್ಕೆ ಉರುಳಿದ ನಿಂಬೆಹಣ್ಣು

ಹಿಂದಿನ ಚಕ್ರ ವಾಲಿದೆಯೋ, ಇಲ್ಲ ತನ್ನ ಕಣ್ಣೇ ವಾಲಿದೆಯೋ? ಗಿರಿರಾಜ್ ಎಡಗಣ್ಣು ಮುಚ್ಚಿ ನೋಡಿದ. ಬಲಗಣ್ಣು ಮುಚ್ಚಿ ನೋಡಿದ. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅದಕ್ಕೇ ಅವನಿಗೆ ಎರಡರ ಮೇಲೂ ನಂಬಿಕೆ ಬರಲಿಲ್ಲ. ಸೀಟಿನಿಂದ ಇಳಿಬಿದ್ದ ಸೇವಂತಿಗೆ ಮಾಲೆ ನೇರವಾಗಿ ತೂಗುತ್ತಿತ್ತು. ಅದರ ಪಕ್ಕದ ಚಕ್ರ ಮಾತ್ರ ಸ್ವಲ್ಪ ಎಡಕ್ಕೆ ಬಾಗಿ, ಯಾರದೋ ಗುಟ್ಟು ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ಮುಂದಿನ ಚಕ್ರಕ್ಕೆ ಅಂಥ ಕುತೂಹಲವೇನೂ ಇರಲಿಲ್ಲ. ಅದು ನೆಟ್ಟಗೆ ನಿಂತಿತ್ತು.

ಹೇಳಬೇಕೆ? ಹೇಳಿದರೆ ಈಗಲೇ ಹೇಳಬೇಕು. ಸ್ವಲ್ಪ ಹೊತ್ತಿಗೆ ಟೆಂಪೋ ಬರುತ್ತದೆ, ಗಾಡಿ ಊರಾಚೆಯ ರೇಸ್ ಟ್ರ್ಯಾಕಿಗೆ ಹೋಗುತ್ತದೆ, ಜೀವನ್ ಅದರ ಮೇಲೆ ಕೂತು ನೂರೈವತ್ತರ ವೇಗದಲ್ಲಿ ಮೊದಲ ತಿರುವಿಗೆ ಹೋಗುತ್ತಾನೆ. ಅದು ಬಲ ತಿರುವು.

ಬಸವೇಶ್ವರನಗರದ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಗಿರಿರಾಜ್ ಮತ್ತು ಅವನ ಗೆಳೆಯ ಜೀವನ್ ಒಂದೂವರೆ ವರ್ಷದಿಂದ ಕಟ್ಟಿದ ರೇಸ್ ಬೈಕು ಅದು. ಇಂಜಿನ್ ಅಪಘಾತವಾದ ಒಂದು ಬೈಕಿನದು, ಮುಂದಿನ ಫೋರ್ಕ್ ಇನ್ನೊಂದರದು. ಫ್ರೇಮನ್ನು ಪೈಪು ಬಗ್ಗಿಸಿ ಇವರೇ ವೆಲ್ಡ್ ಮಾಡಿದ್ದರು. ಪೆಟ್ರೋಲ್ ಟ್ಯಾಂಕನ್ನು ಕಾಮಾಕ್ಷಿಪಾಳ್ಯದಲ್ಲಿ ಅನ್ನದ ಕೊಳಗ ಮಾಡುವವರೊಬ್ಬರು ಅಲ್ಯೂಮಿನಿಯಂ ತಗಡಿನಲ್ಲಿ ತಟ್ಟಿಕೊಟ್ಟಿದ್ದರು, ಅಭ್ಯಾಸಬಲದಿಂದ ಎರಡು ಹಿಡಿಯನ್ನೂ ಇಟ್ಟು. ಹಿಡಿಗಳನ್ನು ಕತ್ತರಿಸಿ ತೆಗೆಯಬೇಕಾಯಿತು. ಮೈಮೇಲಿನ ಫೈಬರ್ ಕವಚ ಮದುವೆ ಛತ್ರಗಳಿಗೆ ಆನೆ, ಸಿಂಹ ಮಾಡಿಕೊಡುವವರ ಕೈಕೆಲಸ. ಹಾಗಾಗಿ ಗಾಡಿಗೆ ಎದುರಿನಿಂದ ಒಂದು ಬಗೆಯ ಗಾಂಭೀರ್ಯವೂ ಪಕ್ಕದಿಂದ ಸ್ವಲ್ಪ ಹೊಟ್ಟೆಯೂ ಇತ್ತು.

ಹೊಸ ಗಾಡಿ ಅಂದ ಮೇಲೆ ಪೂಜೆ. ಪೂಜೆ ಅಂದ ಮೇಲೆ ಬೀದಿಯವರು.

"ನಂಬರ್ ಪ್ಲೇಟ್ ಎಲ್ಲಪ್ಪಾ?" ಎಂದು ಎದುರುಮನೆಯ ಲಿಂಗಮ್ಮ ಗಾಡಿಯನ್ನು ಒಂದು ಸುತ್ತು ಬಂದು ಕೇಳಿದರು.

"ಇದು ಟ್ರ್ಯಾಕ್ ಗಾಡಿ ಆಂಟಿ, ರೋಡಿಗೆ ಇಳಿಯಂಗಿಲ್ಲ," ಎಂದ ಜೀವನ್.

"ಲೈಟೂ ಇಲ್ಲ."

"ಬೇಕಾಗಲ್ಲ ಆಂಟಿ."

"ಹಿಂದೆ ಕೂರಕ್ಕೂ ಜಾಗ ಇಲ್ಲ. ಮತ್ತೆ ಇದ್ರಲ್ಲಿ ಎಲ್ಲಿಗೆ ಹೋಗ್ತೀರ?"

"ಎಲ್ಲಿಗೂ ಹೋಗಲ್ಲ. ಸುತ್ತು ಹೊಡ್ದು ಅಲ್ಲಿಗೇ ಬರ್ತೀವಿ."

ಲಿಂಗಮ್ಮ ಮರುಕದಿಂದ ತಲೆಯಾಡಿಸಿ, ಗಿರಿರಾಜನ ತಾಯಿ ಜಗದಾಂಬಾ ಕೊಟ್ಟ ಕೋಸಂಬರಿ ತೆಗೆದುಕೊಂಡರು.

ಈ ಪೂಜೆಯ ಮುಖ್ಯ ಅತಿಥಿ ಸೇತುರಾಮ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ವಾಸ್ತು ಹೇಳುವವರು. ಎರಡು ವರ್ಷದ ಹಿಂದೆ ಗಿರಿರಾಜನ ಅಪ್ಪ ಚನ್ನಮಲ್ಲಪ್ಪ, ನಡುಮನೆಯ ಗೋಡೆಯಲ್ಲಿ ಬಸವಣ್ಣನವರ ಫೋಟೋ ಇದ್ದರೂ, ಅದರ ಕೆಳಗೇ ಇವರನ್ನು ಕೂರಿಸಿ ಸಲಹೆ ಕೇಳಿದ್ದರು. ಸೇತುರಾಮ ಶೆಡ್ಡಿನ ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿ ನೋಡಿ, ನೀರು ಹರಿಯುತ್ತಿಲ್ಲ, ಅದಕ್ಕೇ ಮನೆಯಲ್ಲಿ ಏನೂ ಹರಿಯುತ್ತಿಲ್ಲ ಎಂದಿದ್ದರು. ನೆಲ ಒಡೆದು ಈಶಾನ್ಯಕ್ಕೆ ಇಳಿಜಾರು ಕೊಟ್ಟು ಹೊಸದಾಗಿ ಹಾಕಿಸಿದರು. ಕಣ್ಣಿಗೆ ಕಾಣದ, ನೀರಿಗೆ ಮಾತ್ರ ಗೊತ್ತಾಗುವ ಇಳಿಜಾರು.

ಆಮೇಲೆ ಎಲ್ಲವೂ ಹರಿಯಿತು. ಮಗಳು ವಚನಾಳಿಗೆ ಗಂಡು ಸಿಕ್ಕಿತು. ಅನ್ನಪೂರ್ಣೇಶ್ವರಿ ನಗರದ ಸೈಟಿನ ವ್ಯಾಜ್ಯ ತೀರಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಂಡಿಯ ಆಪರೇಷನ್ ಆಗಿ ತಿಂಗಳುಗಟ್ಟಲೆ ಮಂಚ ಬಿಟ್ಟು ಇಳಿಯಲು ಹೆದರುತ್ತಿದ್ದ ಜಗದಾಂಬಾ, ನೆಲ ಒಣಗಿದ ವಾರದಲ್ಲೇ ಗೋಡೆ ಹಿಡಿಯದೆ ಶೆಡ್ಡಿನವರೆಗೆ ನಡೆದು ಬಂದರು. ಡಾಕ್ಟರು ಅದನ್ನು ಫಿಸಿಯೋಥೆರಪಿ ಎಂದರು. ಮನೆಯಲ್ಲಿ ಯಾರೂ ಅವರ ಜೊತೆ ವಾದ ಮಾಡಲಿಲ್ಲ, ನಂಬಲೂ ಇಲ್ಲ. ಈಗಲೂ ಜಗದಾಂಬಾ ದಿನಾ ಬೆಳಗ್ಗೆ ಬರಿಗಾಲಿನಲ್ಲಿ ಆ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಕಾಫಿ ಕುಡಿಯುವುದು. ನೆಲದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರ ಕೈ ತಾನಾಗಿ ಮಂಡಿಗೆ ಹೋಗುತ್ತಿತ್ತು.

"ಇಷ್ಟು ದಿನ ಖಾಲಿ ಕೂತಿದ್ದ ಮಗ ಕೈಯಾರೆ ಗಾಡಿ ಕಟ್ಟಿದಾನೆ ಅಂದ್ರೆ, ಅದೂ ಈ ನೆಲದ ಗುಣಾನೇ ಸಾರ್," ಎಂದರು ಚನ್ನಮಲ್ಲಪ್ಪ.

ಗಿರಿರಾಜ್ ಖಾಲಿ ಕೂತಿರಲಿಲ್ಲ. ಬಿ.ಇ. ಮೆಕ್ಯಾನಿಕಲ್ ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೇರೆಯವರ ತಪ್ಪನ್ನು ಮಿಲಿಮೀಟರಿನಲ್ಲಿ ಹಿಡಿಯುವ ಕೆಲಸದಲ್ಲಿದ್ದ. ಅಪ್ಪನ ಲೆಕ್ಕದಲ್ಲಿ ಅದು ಖಾಲಿ ಕೂರುವುದರ ಒಂದು ವಿಧಾನ.

"ನಾನು ಹೇಳಿರ್ಲಿಲ್ವೇ," ಎಂದರು ಸೇತುರಾಮ. "ಗಾಡೀನೂ ಪೂರ್ವಕ್ಕೇ ಮುಖ ಮಾಡಿ ಕಟ್ಟಿದಾರೆ. ಬುದ್ಧಿವಂತರು."

ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದು ಶೆಡ್ಡಿನ ಬಾಗಿಲು ಅತ್ತ ಇದ್ದುದರಿಂದ. ಗಿರಿರಾಜ್ ಅದನ್ನೂ ಹೇಳಲಿಲ್ಲ.

ಜಗದಾಂಬಾ ಚಕ್ರದಡಿ ಇಡಲು ಎರಡು ನಿಂಬೆಹಣ್ಣು ತಂದರು. ಕುಂಕುಮದ ಬಟ್ಟಲು ಹಿಡಿಯಲು ಕೈ ಸಾಲದೆ ಒಂದನ್ನು ನೆಲದ ಮೇಲಿಟ್ಟರು. ಅದು ಒಂದು ಕ್ಷಣ ಯೋಚಿಸಿ ಹೊರಟಿತು. ಗಾಡಿಯ ಅಡಿಯಿಂದ ಹಾದು, ಲಿಂಗಮ್ಮನ ಪಾದದ ಪಕ್ಕದಿಂದ, ಅವಸರವಿಲ್ಲದೆ ಉರುಳಿಕೊಂಡು ಹೋಗಿ ಈಶಾನ್ಯದ ಮೂಲೆಯಲ್ಲಿ ನಿಂತಿತು.

"ನೋಡಿದ್ರಾ," ಎಂದರು ಸೇತುರಾಮ ಮೆಲ್ಲಗೆ. "ತಾನಾಗೇ ದೇವಮೂಲೆ ಸೇರ್ಕೊಳ್ತು."

ಎಲ್ಲರೂ ಮೂಲೆಗೆ ಕೈಮುಗಿದರು. ಗಿರಿರಾಜನೂ ಕೈಮುಗಿದ. ಅವನಿಗೆ ಈಗ ಎಲ್ಲವೂ ಗೊತ್ತಾಗಿತ್ತು.

ಫ್ರೇಮಿನ ಹಿಂಭಾಗವನ್ನು ಕೂರಿಸಿದ್ದು ಅವನು. ಹಿಂದಿನ ಚಕ್ರವನ್ನು ಹಿಡಿಯುವ ತೋಳು ಬಂದು ಸೇರುವ ಜಾಗವನ್ನು ಎಡಕ್ಕೂ ಬಲಕ್ಕೂ ನೆಲದಿಂದ ಸಮವಾಗಿ ಅಳೆದು ವೆಲ್ಡ್ ಮಾಡಿದ್ದ. ಮುಂಭಾಗ ಜೀವನ್‌ನದು. ಅವನು ಗಾರೆಯವರಂತೆ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೇರ ನೋಡಿಕೊಂಡಿದ್ದ. ಒಬ್ಬ ನೆಲವನ್ನು ನಂಬಿದ್ದ, ಇನ್ನೊಬ್ಬ ದಾರವನ್ನು. ಎರಡರ ನಡುವೆ ವಾಸ್ತುವಿನ ಇಳಿಜಾರು ಸದ್ದಿಲ್ಲದೆ ಬಂದು ಕೂತಿತ್ತು. ನೆಲ ಹಾಕುವಾಗ ಗಿರಿರಾಜ್ ಅಲ್ಲೇ ನಿಂತಿದ್ದ, ಇಳಿಜಾರು ಇದೆಯೆಂದು ಗೊತ್ತಿತ್ತು. ಆದರೆ ಅದು ಅಪ್ಪನ ಇಲಾಖೆಯ ವಿಷಯ, ವಚನಾಳ ಮದುವೆಗೂ ಅಮ್ಮನ ಮಂಡಿಗೂ ಸಂಬಂಧಪಟ್ಟದ್ದು. ಅದು ಕಬ್ಬಿಣಕ್ಕೂ ತಗಲುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಟೆಂಪೋ ಬಂದು ಹಾರ್ನ್ ಹೊಡೆಯಿತು. ಜೀವನ್ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ಗಾಡಿಯ ಹ್ಯಾಂಡಲ್ ಹಿಡಿದ. "ಹಿಂದಿಂದ ತಳ್ಳು ಮಗಾ."

ಗಿರಿರಾಜ್ ತಳ್ಳಲಿಲ್ಲ.

"ಓಡಿಸ್ಬೇಡ ಕಣೋ. ಫ್ರೇಮು ಔಟ್ ಆಗಿದೆ."

"ಎಷ್ಟು?"

"ಕಣ್ಣಿಗೆ ಕಾಣೋವಷ್ಟು."

ಜೀವನ್ ಹಿಂದೆ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ತುಂಬ ಹೊತ್ತು ನೋಡಿದ. ಹೊಸಹಳ್ಳಿಯ ಅವನ ಮನೆಯವರು, ಕೆಲಸ ಮಾಡುವ ಶೋರೂಮಿನವರು, ಎಲ್ಲರಿಗೂ ಇವತ್ತಿನ ವಿಷಯ ಹೇಳಿಯಾಗಿತ್ತು.

"ಪೂಜೆ ಆದ್ಮೇಲೆ ಕಣ್ಣು ಬಂತಾ ಗುರು ನಿಂಗೆ?"

ಗಿರಿರಾಜ್ ಸೇವಂತಿಗೆ ಮಾಲೆಯನ್ನು ಚಕ್ರದಿಂದ ಆಚೆ ಸರಿಸಿದ.

"ಮುಂದೆ ನಾನ್ ಕರೆಕ್ಟಾಗಿ ದಾರ ಬಿಟ್ಟಿದೀನಿ. ಹಿಂದೆ ಹೆಂಗೋ ವಾಲ್ತು?"

ಚನ್ನಮಲ್ಲಪ್ಪ ಮಗನನ್ನು ನೋಡಿದರು. ಜಗದಾಂಬಾ ಆರತಿ ತಟ್ಟೆ ಹಿಡಿದು, ಗೋಡೆಯಿಂದ ದೂರ, ನೆಲದ ನಟ್ಟನಡುವೆ ಒಬ್ಬರೇ ನಿಂತಿದ್ದರು. ಗಿರಿರಾಜನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಎರಡೇ ಶಬ್ದ: ನೆಲ ಓರೆ.

"ಟೇಪು ತಪ್ಪಾಗಿ ಓದ್ದೆ," ಎಂದ.

"ಟೇಪು." ಜೀವನ್ ಎದ್ದು ನಿಂತ. "ಬಿ.ಇ. ಸರ್ಟಿಫಿಕೇಟ್ ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕಿದೀಯಲ್ಲ, ಅದಾದ್ರೂ ನೆಟ್ಟಗಿದ್ಯಾ ನೋಡ್ಕೋ ಹೋಗು." ಹೆಲ್ಮೆಟ್ಟನ್ನು ಖಾಲಿ ಟೆಂಪೋದ ಸೀಟಿನ ಮೇಲೆ ಎಸೆದು, ತಾನೂ ಹತ್ತಿ ಹೋದ.

ಲಿಂಗಮ್ಮ ಇನ್ನೊಂದು ಸಲ ಕೋಸಂಬರಿ ಹಾಕಿಸಿಕೊಂಡರು. "ಎಲ್ಲಿಗೂ ಹೋಗಲ್ಲ ಅಂದಿದ್ದ, ಹಂಗೇ ಆಯ್ತು," ಎಂದರು.

ಚನ್ನಮಲ್ಲಪ್ಪನಿಗೆ ಮಗ ಟೇಪು ಓದಲು ಬಾರದವನು ಎಂಬುದು ಅಷ್ಟೇನೂ ಆಶ್ಚರ್ಯ ತರಲಿಲ್ಲ. ಅವರು ಸೇತುರಾಮರನ್ನು ಮೂಲೆಗೆ ಕರೆದುಕೊಂಡು ಹೋದರು. ಸೇತುರಾಮ ನಿಂಬೆಹಣ್ಣನ್ನು ಎತ್ತಿ ಮತ್ತೆ ಉರುಳಿಸಿ ನೋಡಿ, "ವೇಗ ಸಾಲ್ದು ಸ್ವಾಮಿ. ಇನ್ನೊಂದು ಅರ್ಧ ಇಂಚು ಇಳಿಸ್ಬೇಕು. ಅಳತೇಲಿ ಏಕಾಗ್ರತೆ ಬರೋದು ಅದ್ರಿಂದ," ಎಂದರು.

"ಮುಂದಿನ ಗಾಡಿ ಹೊತ್ತಿಗೆ ಮಾಡ್ಸೋಣ," ಎಂದರು ಚನ್ನಮಲ್ಲಪ್ಪ. ಆಮೇಲೆ ಮಗನ ಹತ್ತಿರ ಬಂದು ಭುಜ ತಟ್ಟಿದರು. ಎಷ್ಟೋ ವರ್ಷಗಳಿಂದ ಅವರು ಅದನ್ನು ಮಾಡಿರಲಿಲ್ಲ. "ಹೋಗ್ಲಿ ಬಿಡಪ್ಪಾ. ನೆಲ ನಮ್ಮ ಕೈ ಬಿಡಲ್ಲ."

ನೆಲವನ್ನು ಮಳೆಗಾಲಕ್ಕೆ ಮುಂಚೆ ಇನ್ನಷ್ಟು ಇಳಿಸಿದರು. ಜಗದಾಂಬಾ ಈಗ ಮೆಟ್ಟಿಲೂ ಹತ್ತುತ್ತಾರೆ.

ಜೀವನ್ ಮೂರು ತಿಂಗಳು ಫೋನ್ ಎತ್ತಲಿಲ್ಲ. ನಂತರ ಒಂದು ಭಾನುವಾರ ಹೆಲ್ಮೆಟ್ ಇಲ್ಲದೆ, ಬರಿಗೈಯಲ್ಲಿ ಬಂದ. ಶೆಡ್ಡಿನ ನಡುವೆ ಅಡುಗೆಮನೆಯಿಂದ ಉಳಿದಿದ್ದ ಗ್ರಾನೈಟ್ ಕಲ್ಲು ಕಟ್ಟಿಗೆ ತುಂಡುಗಳ ಮೇಲೆ ಕೂತಿತ್ತು. ಅದರ ಮೇಲೆ ಫ್ರೇಮಿನ ಹಿಂಭಾಗವನ್ನು ಕತ್ತರಿಸಿ ಇಡಲಾಗಿತ್ತು, ಪಕ್ಕದಲ್ಲಿ ಮಟ್ಟ ಸಮವಿದೆಯೇ ಎಂದು ಗುಳ್ಳೆಯಲ್ಲಿ ತೋರಿಸುವ ರಸಮಟ್ಟ.

"ಕಲ್ಲು ಯಾಕೆ?"

"ಬಗ್ಗಿ ಬಗ್ಗಿ ಬೆನ್ನು ನೋವು. ಎತ್ತರ ಬೇಕಿತ್ತು."

ಜೀವನ್ ಕಟ್ಟಿಗೆ ತುಂಡುಗಳನ್ನು ನೋಡಿದ. ನೈಋತ್ಯದಲ್ಲಿ ಬೆರಳು ದಪ್ಪದ್ದು, ಈಶಾನ್ಯದಲ್ಲಿ ಎರಡು ಬೆರಳು ದಪ್ಪದ್ದು. ಆಮೇಲೆ ನೆಲ ನೋಡಿದ. ಬಾಗಿಲಿನಲ್ಲಿ ಜಗದಾಂಬಾ ಎರಡು ಲೋಟ ಕಾಫಿ ಹಿಡಿದು, ಒಂದು ಹನಿ ಚೆಲ್ಲದೆ, ಇಳಿಜಾರಿನ ಮೇಲೆ ನಡೆದು ಬರುತ್ತಿದ್ದರು.

"ಚೆನ್ನಾಗಿದೀರಾ ಆಂಟಿ?" ಎಂದ ಜೀವನ್. ಲೋಟ ತೆಗೆದುಕೊಂಡ. ಅವರು ಹೋಗುವವರೆಗೆ ಕಾದು, ಗಿರಿರಾಜನ ಕಡೆ ಕೈ ಚಾಚಿದ. "ರಸಮಟ್ಟ ಕೊಡು ಇಲ್ಲಿ."

ಗಾಡಿಯನ್ನು ಓರೆ ಮಾಡಿದ್ದು ನೆಲ ಎಂದು ಗಿರಿರಾಜ್ ಯಾರಿಗೂ, ಯಾವತ್ತೂ ಹೇಳಲಿಲ್ಲ.