ತೆರಿಗೆ ಹಾಕದ ಜಡ್ಜ್

ಅಮೆರಿಕದ ಮಿಸೌರಿಯ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಆಡಳಿತ ನಡೆಸಿ ತೆರಿಗೆ ಹಾಕುವವರನ್ನೇ ಜಡ್ಜ್ ಅನ್ನುತ್ತಾರೆ; ಅದಕ್ಕೆ ಕಾನೂನು ಓದಿರಬೇಕಾಗಿಲ್ಲ. ಚುನಾವಣೆಯಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ: "ಜೈಲಿಗಾದ್ರೂ ಹೋಗ್ತೀಯ, ತೆರಿಗೆ ಮಾತ್ರ ಹಾಕಲ್ಲ ತಾನೇ?" ನನ್ನ ಗಂಡ ಲೆಮ್ "ಹೋಗ್ತೀನಿ" ಅಂದ. ಚಪ್ಪಾಳೆ ತಟ್ಟಿ ಆರಿಸಿದರು. ತಟ್ಟಿದವರೆಲ್ಲ ಮನೆಯಲ್ಲಿ ಬೆಚ್ಚಗಿದ್ದರು, ಇವನು ಎಂಟು ತಿಂಗಳು ಕಾಡಿನಲ್ಲಿ!

ಹದಿನೈದು ವರ್ಷದ ಹಿಂದೆ ರೈಲು ತರಿಸಲೆಂದು ಕೌಂಟಿ ಸಾಲಪತ್ರ ಮಾರಿತ್ತು. ರೈಲು ಕಂಪನಿಯವರು ದುಡ್ಡು ನುಂಗಿ ನೀರು ಕುಡಿದರು. ಒಂದು ಮೊಳ ಕಂಬಿಯೂ ಬೀಳಲಿಲ್ಲ. ಬಾರದ ರೈಲಿಗೆ ಯಾಕೆ ಕೊಡಬೇಕೆಂದು ನಾವು ಬಡ್ಡಿ ನಿಲ್ಲಿಸಿದೆವು. ಸಾಲಪತ್ರ ಕೊಂಡವರು ಫೆಡರಲ್ ಕೋರ್ಟಿಗೆ ಹೋದರು. ಕೌಂಟಿಯ ಮೂವರು ಜಡ್ಜುಗಳು ತೆರಿಗೆ ಹಾಕಿ ಸಾಲ ತೀರಿಸಲಿ, ಇಲ್ಲವೇ ಜೈಲಿಗೆ ಹೋಗಲಿ ಎಂದು ಕೋರ್ಟು ಆದೇಶ ಮಾಡಿತು. ಆದರೆ ಆದೇಶ ಅವರ ಕೈಗೆ ತಲುಪಬೇಕಲ್ಲ! ಅದನ್ನು ಹಿಡಿದು ಕೋರ್ಟಿನ ಅಧಿಕಾರಿ ಮಾರ್ಷಲ್ ಕುದುರೆಯೇರಿ ಬಂದರೆ ಮೂವರೂ ಮಂಗಮಾಯ. ಹಳ್ಳದ ಪಕ್ಕದ ಪೊದೆಯೇ ಅವರ ಕಚೇರಿ. ಊಟ ಹೊರುವವಳು ನಾನು. ಅಕ್ಟೋಬರಿನಲ್ಲಿ ಲೆಮ್‌ನ ಕೆಮ್ಮು ಎದೆಗಿಳಿಯಿತು. ಚಳಿಗಾಲವನ್ನೂ ಅಲ್ಲೇ ಕಳೆದರೆ ಅವನು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕಪ್ಪು ಟೊಪ್ಪಿಗೆಯ ಮುದುಕಿಯೊಬ್ಬಳು ನಮ್ಮ ಜಗಲಿಗೆ ಬಂದು ನೀರು ಕೇಳಿದಳು. ಕುಡಿದು, ಚೀಲದಿಂದ ಮೂರು ಸಾಲಪತ್ರ ತೆಗೆದು ತೊಡೆಯ ಮೇಲಿಟ್ಟಳು. ನನ್ನ ಮೈ ಉರಿದುಹೋಯಿತು.

"ಓಹೋ, ನೀವೇನಾ ನನ್ನ ಗಂಡನ್ನ ಕಾಡುಪಾಲು ಮಾಡಿದ ಸಾಹುಕಾರ್ರು?"

"ಸಾಹುಕಾರ್ತಿ ಅಲ್ಲಮ್ಮ, ಟೀಚರು. ಹೆಸರು ಅಕ್ಸಾ. ದೂರದ ಕನೆಕ್ಟಿಕಟ್‌ನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಸಂಬಳ ಇದು. ಹನ್ನೊಂದು ಕಾಗದ ಬರೆದೆ, ನಿಮ್ಮೂರಲ್ಲಿ ಯಾರಿಗೂ ಉತ್ತರ ಬರೆಯೋಕೆ ಬರಲ್ವಾ?"

ಸಾಲ ಕೊಟ್ಟವರೆಂದರೆ ಡೊಳ್ಳುಹೊಟ್ಟೆಯ ಗಂಡಸರು ಅಂದುಕೊಂಡಿದ್ದೆ. ಇವಳ ಕೈಗವುಸಿಗೆ ನನ್ನದಕ್ಕಿಂತ ಹೆಚ್ಚು ತೇಪೆ.

"ಮಾರ್ಷಲ್ ಎಲ್ಲಿ?" ಅಂದೆ.

"ಕರ್ಕೊಂಡು ಬಂದಿಲ್ಲ. ನಿನ್ನ ಗಂಡ ಜೈಲಲ್ಲಿ ಕೂತ್ರೆ ನನ್ನ ಒಲೆಗೆ ಸೌದೆ ಬರುತ್ತಾ?"

ಅವಳನ್ನು ನೇರ ಹಳ್ಳಕ್ಕೆ ಕರೆದೊಯ್ದೆ. ನಮ್ಮನ್ನು ಕಂಡು ಓಡಲು ಎದ್ದ ಲೆಮ್ ಕೆಮ್ಮು ಹತ್ತಿ ಮರಕ್ಕೊರಗಿದ. ಅಕ್ಸಾ ಅವನ ಮುಂದೆ ಕಾಗದಗಳ ಕಂತೆ ಇಟ್ಟಳು. ಸಾಲಪತ್ರ ಇಟ್ಟುಕೊಂಡ ಎಲ್ಲರನ್ನೂ ಹುಡುಕಿ, ಕಾಗದ ಬರೆದು, ಸಹಿ ಹಾಕಿಸಿಕೊಂಡಿದ್ದಳು: ನೂರಕ್ಕೆ ಅರವತ್ತು ಕೊಟ್ಟರೆ ಸಾಕು, ಹತ್ತು ವರ್ಷದಲ್ಲಿ ಕೊಡಿ, ಮೊಕದ್ದಮೆ ಬಿಡುತ್ತೇವೆ.

"ತೆರಿಗೆ ಅಂದ್ರೆ ಜನ ನನ್ನ ಹರಿದು ತಿಂತಾರೆ, ಓರ್ಫಾ," ಅಂದ ಲೆಮ್.

"ತಿನ್ನಲಿ. ಮಾತು ಕೊಟ್ಟೋನು ನೀನು. ಆದ್ರೆ ನಾನು ವಿಧವೆ ಆಗ್ತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ!"

ಶನಿವಾರ ಜಡ್ಜುಗಳು ಕರೆದ ಸಭೆಗೆ ಕೋರ್ಟ್‌ಹೌಸ್ ತುಂಬಿತ್ತು. ಮೂವರೂ ಹಾಡಹಗಲಲ್ಲಿ ನಡೆದು ಬಂದರು. ಮಾರ್ಷಲ್ ಆದೇಶ ಚಾಚಿದ. ಲೆಮ್ ಕೈಯೊಡ್ಡಿ ತೆಗೆದುಕೊಂಡ. ಸಭೆ ಹೋ ಎಂದಿತು. ಕೊಟ್ಟ ಮಾತಿನಿಂದ ಜನ ಅವನನ್ನು ಬಿಡಿಸದಿದ್ದರೆ ಇಲ್ಲಿಂದ ನೇರ ಜೈಲೇ. ಅವನು ಒಪ್ಪಂದ ಓದಿ ಹೇಳಿದ. ಹಿಂದಿನಿಂದ ಯಾರೋ "ಹೇಡಿ!" ಎಂದು ಕೂಗಿದರು.

ಅಕ್ಸಾ ಎದ್ದು ನಿಂತಳು. "ಯಾವನಪ್ಪಾ ಅದು? ಹೇಡಿ ಆಗಿದ್ರೆ ಪೊದೆಯಲ್ಲೇ ಇರ್ತಿದ್ದ. ನನಗೂ ರೈಲು ಬರುತ್ತೆ ಅಂತಲೇ ಹೇಳಿದ್ರು. ನೀವೂ ಮೋಸ ಹೋದ್ರಿ, ನಾನೂ ಹೋದೆ. ಈಗ ಹಂಚ್ಕೊಳ್ಳೋಣ."

"ಒಪ್ಪೋರು ಕೈ ಎತ್ತಿ," ಅಂದ ಲೆಮ್. ಒಂದೊಂದೇ ಕೈ ಎದ್ದಿತು. ಎಣಿಸಿದಾಗ ಒಪ್ಪದವರಿಗಿಂತ ಹನ್ನೊಂದು ಕೈ ಹೆಚ್ಚಿತ್ತು, ಅಷ್ಟೇ. ಮೂವರೂ ಅಲ್ಲೇ ಸಹಿ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಮಧ್ಯಾಹ್ನ ಲೆಮ್ ನಮ್ಮ ಜಗಲಿಯಲ್ಲಿ ಬೂಟು ಬಿಚ್ಚಿ ಕುಳಿತ, ಬಿಸಿ ಸೂಪು ಕೊಟ್ಟೆ. ರಸ್ತೆಯಲ್ಲಿ ಕುದುರೆಯ ಸದ್ದಾಯಿತು. ಬಟ್ಟಲು ಕೆಳಗಿಟ್ಟು ಬರಿಗಾಲಲ್ಲಿ ಧಡಕ್ಕನೆ ಎದ್ದ, ಕಣ್ಣು ಆಗಲೇ ಕಾಡಿನ ಕಡೆಗೆ. ನಾನು ಅವನ ತೋಳು ಹಿಡಿದೆ.

"ಕೂತ್ಕೋ ಮಾರಾಯಾ, ಸೂಪು ಆರುತ್ತೆ."

ಕುದುರೆ ಮನೆಮುಂದೆಯೇ ಹಾದುಹೋಯಿತು. ಅದು ಮಾರ್ಷಲ್‌ನದೇ. ಅವನು ಟೊಪ್ಪಿಗೆ ಎತ್ತಿ ನಮಸ್ಕಾರ ಹೇಳಿದ. ಲೆಮ್ ಕುಳಿತು ಬಟ್ಟಲು ಎತ್ತಿಕೊಂಡ.